ನಿರ್ಬಂಧ ಕಳೆದ ಬಳಿಕ: ಭಾರತ–ದಕ್ಷಿಣ ಆಫ್ರಿಕಾ ವಾಣಿಜ್ಯದ ಪುನರಾರಂಭ

(ಕೂಟದ ಅತಿಥಿ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಉಪನ್ಯಾಸದ ಪೂರ್ಣಪಾಠ)



ಇಂತಹ ಸಭೆಗಳಲ್ಲಿ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಮಾತನಾಡುವುದು ವಾಡಿಕೆ. ಬ್ಯಾಂಕಿನ ವಿದೇಶೀ ವಿನಿಮಯ ವಿಭಾಗದಲ್ಲಿ ಬಹುಕಾಲ ಕಳೆದ ನನ್ನಂಥವನನ್ನು ಕರೆದು, ವಾಣಿಜ್ಯವನ್ನು ಕುರಿತು, ಅದೂ ಕನ್ನಡದಲ್ಲಿಯೇ ಮಾತನಾಡಬೇಕೆಂದು ನೀವು ಅಪೇಕ್ಷಿಸಿದಿರಿ. ಆ ವಿಶ್ವಾಸಕ್ಕೆ ನಾನು ಋಣಿ. ವಿಷಯ ಶುಷ್ಕವೆಂದು ತೋರಬಹುದು. ಆದರೆ ಇದರೊಳಗೆ ಮನುಷ್ಯರ ಕಥೆಯಿದೆ. ಅದು ನಿಮಗೆ ಪೂರ್ಣ ಅಪರಿಚಿತವೂ ಅಲ್ಲ.

ನಿಮ್ಮಲ್ಲಿ ಹಿರಿಯರಾದ ಅನೇಕರು 1970 ಮತ್ತು 80ರ ದಶಕಗಳಲ್ಲಿ ಈ ದೇಶಕ್ಕೆ ಬಂದವರು. ಅಂದು ಕೈಯಲ್ಲಿ ಹಿಡಿದು ಬಂದ ಭಾರತದ ಪಾಸ್‌ಪೋರ್ಟನ್ನು ಕೆಲವರಾದರೂ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇರಿಸಿಕೊಂಡಿರಬಹುದು. ಮನೆಗೆ ಹೋದ ಮೇಲೆ ಅದನ್ನೊಮ್ಮೆ ತೆಗೆದು ನೋಡಿ. ಅದು ಯಾವ ಯಾವ ದೇಶಗಳ ಪ್ರಯಾಣಕ್ಕೆ ಸಲ್ಲುತ್ತದೆ ಎಂದು ಬರೆದ ಪುಟದಲ್ಲಿ, ದಕ್ಷಿಣ ಆಫ್ರಿಕಾ ಗಣರಾಜ್ಯವನ್ನು ಹೊರತುಪಡಿಸಿದ ಒಕ್ಕಣೆಯೊಂದು ಕಂಡೀತು. ಭಾರತೀಯ ಪ್ರಜೆ ಲೋಕದಲ್ಲಿ ಬೇರೆಲ್ಲಿಗೆ ಹೋದರೂ ಆ ಒಂದು ನಾಡಿಗೆ ಹೋಗಕೂಡದು, ಅಲ್ಲಿಂದ ಏನನ್ನೂ ಕೊಳ್ಳಕೂಡದು, ಅಲ್ಲಿಗೆ ಏನನ್ನೂ ಮಾರಕೂಡದು ಎಂಬುದು ಸುಮಾರು 47 ವರ್ಷಗಳ ಕಾಲ ನಮ್ಮ ನಿಯಮವಾಗಿತ್ತು. 1993ರಲ್ಲಿ ಆ ನಿಯಮ ಕೊನೆಗೊಂಡಿತು. ಅರ್ಧ ಶತಮಾನದಷ್ಟು ಕಾಲ ಮುಚ್ಚಿದ್ದ ಬಾಗಿಲನ್ನು ತೆರೆದಾಗ ಏನಾಗುತ್ತದೆ? ವ್ಯಾಪಾರವು ತಾನಾಗಿ ಹಳೆಯ ಹಾದಿಗೆ ಬಂದುಬಿಡುತ್ತದೆಯೇ? ಇಂದಿನ ಮಾತಿಗೆ ಈ ಪ್ರಶ್ನೆಯೇ ಆಧಾರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿರ್ಬಂಧವನ್ನು ಒಂದು ರುಜುವಿನಿಂದ ತೆಗೆಯಬಹುದು. ವಿಶ್ವಾಸವನ್ನು ಮಾತ್ರ ಒಬ್ಬೊಬ್ಬ ವರ್ತಕ, ಒಂದೊಂದು ಬ್ಯಾಂಕು, ಒಂದೊಂದು ಹಡಗು ಮತ್ತೆ ಸಂಪಾದಿಸಬೇಕಾಗುತ್ತದೆ. ಅನ್ಯಾಯವನ್ನು ವಿರೋಧಿಸಿ ನಾವು ಗಳಿಸಿದ ಪುಣ್ಯವು ಬಾಗಿಲನ್ನು ತೆರೆಸೀತು, ಒಳಗೆ ಕರೆದು ಕೂರಿಸೀತು. ಆದರೆ ವ್ಯಾಪಾರದ ಪುಸ್ತಕದಲ್ಲಿ ಪುಣ್ಯದ ಖಾತೆ ಬೇರೆ, ಪತ್ತಿನ ಖಾತೆ ಬೇರೆ. ಒಂದರ ಶಿಲ್ಕನ್ನು ಇನ್ನೊಂದಕ್ಕೆ ವರ್ಗಾಯಿಸಲು ಬರುವುದಿಲ್ಲ.

ಈಗ ಕಥೆಯ ಆರಂಭಕ್ಕೆ ಹೋಗೋಣ. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಡರ್ಬನ್ ಬಂದರಿಗೆ ಬಂದಿತು. ನಟಾಲ್ ಪ್ರಾಂತದ ಕಬ್ಬಿನ ತೋಟಗಳಲ್ಲಿ ಕರಾರಿನ ಮೇಲೆ ದುಡಿಯಲು ಬಂದ ಭಾರತೀಯ ಕೂಲಿಗಳ ಮೊದಲ ತಂಡ ಅದರಲ್ಲಿತ್ತು. 1911ರವರೆಗೆ ಹೀಗೆ ಬಂದವರ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತು. ಅವರ ಬೆನ್ನ ಹಿಂದೆಯೇ, ತಮ್ಮ ಸ್ವಂತ ಖರ್ಚಿನಲ್ಲಿ, ಮುಖ್ಯವಾಗಿ ಗುಜರಾತಿನಿಂದ, ವರ್ತಕರು ಬಂದರು. ಅಕ್ಕಿ, ಬೇಳೆ, ಮಸಾಲೆ, ಬಟ್ಟೆ ಇವರ ಸರಕು. ಆ ವರ್ತಕರಲ್ಲಿ ಇಬ್ಬರ ನಡುವೆ ಎದ್ದ ಲೇವಾದೇವಿಯ ವ್ಯಾಜ್ಯವೊಂದು 1893ರಲ್ಲಿ ಪೋರಬಂದರಿನ ಸಂಬಂಧವುಳ್ಳ ತರುಣ ಬ್ಯಾರಿಸ್ಟರನೊಬ್ಬನನ್ನು ಡರ್ಬನ್ನಿಗೆ ಕರೆಸಿತು. ಗಾಂಧೀಜಿಯವರು ಆಫ್ರಿಕಾಕ್ಕೆ ಹೋದದ್ದು ಸತ್ಯಾಗ್ರಹಕ್ಕಾಗಿ ಅಲ್ಲ. ದಾದಾ ಅಬ್ದುಲ್ಲಾ ಎಂಬ ವರ್ತಕರ ಬಾಕಿಯ ದಾವೆಗಾಗಿ. ಆ ದಾವೆ ಹೇಗೆ ಮುಗಿಯಿತೆಂಬುದನ್ನು ಮಾತಿನ ಕೊನೆಯಲ್ಲಿ ಹೇಳುತ್ತೇನೆ; ನಮ್ಮ ವಿಷಯಕ್ಕೆ ಅದು ಬೇಕಾಗುತ್ತದೆ.

1946ಕ್ಕೆ ಬರೋಣ. ಆ ವರ್ಷ ಜನರಲ್ ಸ್ಮಟ್ಸರ ಸರ್ಕಾರವು ಏಷ್ಯಾ ಮೂಲದವರು ಎಲ್ಲೆಲ್ಲಿ ನೆಲ ಹೊಂದಬಹುದು, ಎಲ್ಲೆಲ್ಲಿ ಹೊಂದಕೂಡದು ಎಂದು ಗೆರೆ ಎಳೆಯುವ ಶಾಸನವೊಂದನ್ನು ತಂದಿತು. ಅಲ್ಲಿಯ ಭಾರತೀಯರು ಅದನ್ನು 'ಘೆಟ್ಟೋ ಶಾಸನ' ಎಂದು ಕರೆದು ಪ್ರತಿಭಟಿಸಿದರು. ಅವರ ಕಾಂಗ್ರೆಸ್ಸಿನ ನಿಯೋಗವೊಂದು ದಿಲ್ಲಿಗೆ ಬಂದು, ಆ ಸರ್ಕಾರದೊಡನೆ ವ್ಯಾಪಾರ ಸಂಬಂಧವನ್ನು ಕಡಿದುಹಾಕಿರಿ ಎಂದು ವೈಸ್‌ರಾಯರಲ್ಲಿ ಬೇಡಿಕೊಂಡಿತು. ಇದು ಗಮನಿಸಬೇಕಾದ ಮಾತು. ವ್ಯಾಪಾರ ನಿಂತರೆ ಮೊದಲು ಪೆಟ್ಟು ಬೀಳುವುದು ಭಾರತದ ಸರಕನ್ನು ಮಾರಿ ಬದುಕುತ್ತಿದ್ದ ಆ ವರ್ತಕರ ಅಂಗಡಿಗಳ ಮೇಲೆಯೇ. ಅದನ್ನು ಬಲ್ಲವರೇ ಅದನ್ನು ಕೇಳಿದರು. 1946ರ ಜುಲೈ 17ರಂದು ನಿಷೇಧ ಜಾರಿಗೆ ಬಂದಿತು. ಭಾರತ ಇನ್ನೂ ಸ್ವತಂತ್ರವಾಗಿರಲಿಲ್ಲ. ಲೋಕದ ಯಾವ ದೇಶವೂ ಅದುವರೆಗೆ ಇಂತಹ ಹೆಜ್ಜೆಯನ್ನು ಇಟ್ಟಿರಲಿಲ್ಲ. ಅದೇ ವರ್ಷ ವಿಜಯಲಕ್ಷ್ಮಿ ಪಂಡಿತರ ನೇತೃತ್ವದ ನಮ್ಮ ನಿಯೋಗವು ಈ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು.

ತ್ಯಾಗ ಅಲ್ಪವಾಗಿರಲಿಲ್ಲ. ಆಗ ಭಾರತದ ರಫ್ತಿನಲ್ಲಿ ಸುಮಾರು ಶೇಕಡಾ 5ರಷ್ಟು ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಿತ್ತು. ಅದರಲ್ಲಿ ಮುಖ್ಯವಾದದ್ದು ಸೆಣಬು. ಅಲ್ಲಿಯ ಮೆಕ್ಕೆಜೋಳವನ್ನು ತುಂಬಲು ಬಂಗಾಳದ ಗೋಣಿಚೀಲ ಬೇಕಾಗಿತ್ತು. ಬಡತನದ ಅಂಚಿನಲ್ಲಿದ್ದ ದೇಶವೊಂದು ತನಗೆ ಬರುತ್ತಿದ್ದ ಹಣವನ್ನು ಬೇಡವೆಂದಿತು. ಮುಂದೆ 1954ರಲ್ಲಿ ನಮ್ಮ ಹೈಕಮಿಷನ್ ಕಚೇರಿಯೂ ಮುಚ್ಚಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಪಂದ್ಯಾವಳಿಯ ಅಂತಿಮ ಘಟ್ಟವನ್ನು ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲು ನಿರಾಕರಿಸಿ ಕಪ್ಪನ್ನು ಬಿಟ್ಟುಕೊಟ್ಟಿತು.

ಉಳಿದ ಲೋಕ ಬಹಳ ನಿಧಾನವಾಗಿ ನಮ್ಮನ್ನು ಹಿಂಬಾಲಿಸಿತು. 1962ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸದಸ್ಯ ರಾಷ್ಟ್ರಗಳಿಗೆ ಸಂಬಂಧ ಕಡಿದುಕೊಳ್ಳುವಂತೆ ಕರೆಯಿತ್ತಿತು. ಕಡ್ಡಾಯವಾದ ಶಸ್ತ್ರಾಸ್ತ್ರ ನಿಷೇಧ ಬಂದದ್ದು 1977ರಲ್ಲಿ. 1980ರ ದಶಕದಲ್ಲಿ ಇಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದವರಿಗೆ ನೆನಪಿರಬಹುದು: ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರವಿರುವ ಕಂಪನಿಗಳ ಷೇರುಗಳನ್ನು ವಿಶ್ವವಿದ್ಯಾಲಯ ಮಾರಿಬಿಡಬೇಕೆಂದು ವಿದ್ಯಾರ್ಥಿಗಳು ಆವರಣದಲ್ಲಿ ಗುಡಿಸಲು ಹಾಕಿ ಕುಳಿತಿದ್ದರು. 1985ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಸಾಲದ ಅವಧಿಯನ್ನು ವಿಸ್ತರಿಸಲು ಒಪ್ಪದೆ ಹೋದಾಗ ಆ ದೇಶ ತನ್ನ ವಿದೇಶೀ ಸಾಲದ ಮರುಪಾವತಿಯನ್ನೇ ತಡೆಹಿಡಿಯಬೇಕಾಯಿತು. 1986ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಧ್ಯಕ್ಷ ರೇಗನ್ನರ ನಿರಾಕರಣೆಯನ್ನು ಮೀರಿ ನಿರ್ಬಂಧದ ಶಾಸನವನ್ನು ಮಾಡಿತು.

ಆದರೆ ನಿರ್ಬಂಧದ ಗೋಡೆಗಳಲ್ಲಿ ಸದಾ ಬಿರುಕುಗಳಿರುತ್ತವೆ, ಇದನ್ನು ಮರೆಮಾಚಬಾರದು. ಲಂಡನ್ನಿನಲ್ಲಿ ಹಲವು ದೇಶಗಳ ಗಣಿಗಳ ಒರಟು ವಜ್ರಗಳನ್ನು ಬೆರೆಸಿ, ವಿಂಗಡಿಸಿ ಮಾರುವ ಪದ್ಧತಿಯಿತ್ತು. ಸೂರತ್ತಿನ ಕುಶಲಕರ್ಮಿ ತನ್ನ ಸಾಣೆಗೆ ಹಿಡಿದ ಹರಳು ಯಾವ ದೇಶದ ಮಣ್ಣಿನದೆಂದು ಕೇಳುವವರಿರಲಿಲ್ಲ. ಚಿನ್ನವನ್ನು ಕರಗಿಸಿ ಗಟ್ಟಿ ಮಾಡಿದ ಮೇಲೆ ಅದಕ್ಕೆ ಊರಿನ ಗುರುತೇ ಉಳಿಯುವುದಿಲ್ಲ. ಇತ್ತ ಡರ್ಬನ್ನಿನ ಗ್ರೇ ಬೀದಿಯ ಅಂಗಡಿಗಳಿಗೆ ಭಾರತದ ಸರಕು ಮೂರನೆಯ ದೇಶಗಳ ಮೂಲಕ ಸುತ್ತುಬಳಸಿ ತಲುಪುತ್ತಿತ್ತು. ಮಧ್ಯವರ್ತಿಯ ಲಾಭ, ಎರಡು ಬಾರಿಯ ಹಡಗು ಬಾಡಿಗೆ, ಎಲ್ಲವನ್ನೂ ಕೊನೆಗೆ ತೆರುತ್ತಿದ್ದವಳು ಮಗಳ ಮದುವೆಗೆ ಸೀರೆ ಕೊಳ್ಳಲು ಬಂದ ತಾಯಿ. ನಿರ್ಬಂಧದ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ತಿಳಿಯಲು ಇಂತಹ ಅಂಗಡಿಗಳನ್ನೇ ನೋಡಬೇಕು.

1990ರ ಫೆಬ್ರವರಿ 11ರಂದು ನೆಲ್ಸನ್ ಮಂಡೇಲಾ ಸೆರೆಮನೆಯಿಂದ ಹೊರಬಂದರು. ಅದೇ ವರ್ಷ ಭಾರತಕ್ಕೆ ಬಂದರು. ಭಾರತರತ್ನ ಪ್ರಶಸ್ತಿಯನ್ನು ಪಡೆದರು. ಆದರೂ ನಿರ್ಬಂಧ ಒಂದೇ ದಿನದಲ್ಲಿ ಹೋಗಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರ 1991ರ ಜುಲೈಯಲ್ಲಿ ಅದನ್ನು ತೆಗೆದರೂ, ಇಲ್ಲಿಯ ಹಲವು ರಾಜ್ಯಗಳು, ನಗರಗಳು ತಮ್ಮ ತಮ್ಮ ನಿಷೇಧಗಳನ್ನು ಉಳಿಸಿಕೊಂಡಿದ್ದವು. 1993ರ ಸೆಪ್ಟೆಂಬರ್ 24ರಂದು ಮಂಡೇಲಾ ಅವರೇ ವಿಶ್ವಸಂಸ್ಥೆಯಲ್ಲಿ ನಿಂತು, ಆರ್ಥಿಕ ನಿರ್ಬಂಧಗಳನ್ನು ಇನ್ನು ತೆಗೆಯಿರಿ ಎಂದು ಕೇಳಿಕೊಂಡರು. ಅಕ್ಟೋಬರ್ 8ರಂದು ಮಹಾಸಭೆ ಅದಕ್ಕೆ ಒಪ್ಪಿತು. ನವೆಂಬರ್ 22ರಂದು ಭಾರತವು ರಾಯಭಾರ ಸಂಬಂಧವನ್ನು ಮರಳಿ ಸ್ಥಾಪಿಸಿತು. ಶಸ್ತ್ರಾಸ್ತ್ರ ನಿಷೇಧ ಮಾತ್ರ, 1994ರ ಏಪ್ರಿಲ್ ಚುನಾವಣೆ ನಡೆದು ಹೊಸ ಸರ್ಕಾರ ಬಂದ ಮೇಲೆ, ಮೇ ತಿಂಗಳಲ್ಲಿ ಹೋಯಿತು. ಹೀಗೆ ನಿರ್ಬಂಧವು ಪದರ ಪದರವಾಗಿ ಕಳಚಿತು. ವರ್ತಕನ ಪಾಲಿಗೆ ಇದು ಗೊಂದಲದ ಕಾಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತಿಂಗಳು ತಿಂಗಳೂ ವಿಚಾರಿಸಬೇಕಾದ ಕಾಲ.

ಕುತೂಹಲದ ಸಂಗತಿಯೆಂದರೆ, ಸರಕಿಗಿಂತ ಮೊದಲು ಗಡಿ ದಾಟಿದ್ದು ಕ್ರಿಕೆಟ್ ಚೆಂಡು. 1991ರ ನವೆಂಬರ್ 10ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಕ್ಲೈವ್ ರೈಸ್ ನಾಯಕತ್ವದ ದಕ್ಷಿಣ ಆಫ್ರಿಕಾ ತಂಡ ಭಾರತದೆದುರು ಆಡಿತು. ಮರುವರ್ಷ ನಮ್ಮ ತಂಡ ಅಲ್ಲಿಗೆ ಹೋಯಿತು. ಆ ಪ್ರವಾಸದಲ್ಲಿ ಜೋಹಾನ್ಸ್‌ಬರ್ಗಿನ ಟೆಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆ 53 ರನ್ನಿಗೆ 6 ವಿಕೆಟ್ ಪಡೆದುದನ್ನು ಇಲ್ಲಿರುವ ಕ್ರಿಕೆಟ್ ಪ್ರೇಮಿಗಳಿಗೆ ನಾನು ನೆನಪಿಸಬೇಕಾಗಿಲ್ಲ. ಜಾವಗಲ್ ಶ್ರೀನಾಥ್ ಕೂಡ ಆ ತಂಡದಲ್ಲಿದ್ದರು. ರಾಯಭಾರ ಸಂಬಂಧ ಮರಳಿ ಏರ್ಪಡುವುದಕ್ಕೆ ಒಂದು ವರ್ಷ ಮುಂಚೆಯೇ ನಮ್ಮ ಇಬ್ಬರು ಕನ್ನಡಿಗರು ಅಲ್ಲಿಯ ಮೈದಾನದಲ್ಲಿ ಚೆಂಡೆಸೆದು ಬಂದರು. ಪರಸ್ಪರ ಮುಖಪರಿಚಯವೇ ಇಲ್ಲದ ಎರಡು ದೇಶಗಳಿಗೆ ಇದು ಅಲ್ಪವಾದ ಆರಂಭವೇನೂ ಅಲ್ಲ.

ಈಗ ವ್ಯಾಪಾರದ ಒಳಗಿನ ಯಂತ್ರವನ್ನು ನೋಡೋಣ. ಬೆಂಗಳೂರಿನಲ್ಲಿ ರೇಷ್ಮೆ ಬಟ್ಟೆಯ ವರ್ತಕರೊಬ್ಬರು ಇದ್ದಾರೆಂದು ಭಾವಿಸಿ. 1994ರಲ್ಲಿ ಡರ್ಬನ್ನಿನ ಅಂಗಡಿಯಿಂದ ಅವರಿಗೆ ಪತ್ರ ಬರುತ್ತದೆ: ಐನೂರು ಸೀರೆ ಬೇಕು. ಕಾನೂನಿನ ಅಡ್ಡಿ ಈಗ ಇಲ್ಲ. ಆದರೂ ಅವರು ಸರಕನ್ನು ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು.

ಮೊದಲನೆಯದು, ಹಣ. ಕಾಣದ ಊರಿನ, ಕೇಳದ ಹೆಸರಿನ ಗಿರಾಕಿಯನ್ನು ನಂಬಿ ಸರಕು ಕಳುಹಿಸುವವರು ಯಾರು? ಸರಕು ಕೈಸೇರುವ ಮೊದಲೇ ಹಣ ಕಳುಹಿಸುವವರು ಯಾರು? ಈ ಇಬ್ಬರ ಸಂಶಯವನ್ನು ಪರಿಹರಿಸಲೆಂದೇ 'ಲೆಟರ್ ಆಫ್ ಕ್ರೆಡಿಟ್' ಎಂಬ ಏರ್ಪಾಡಿದೆ. ಹಡಗಿಗೆ ಸರಕು ಹಾಕಿದ ಕಾಗದಪತ್ರಗಳನ್ನು ಒಪ್ಪಿಸಿದರೆ ಹಣ ಕೊಡುತ್ತೇನೆಂದು ಗಿರಾಕಿಯ ಬ್ಯಾಂಕು ಲಿಖಿತ ಭರವಸೆ ನೀಡುತ್ತದೆ. ಆದರೆ ಆ ಭರವಸೆಯನ್ನು ನಮ್ಮ ಬ್ಯಾಂಕು ನಂಬಬೇಕಾದರೆ ಎರಡು ಬ್ಯಾಂಕುಗಳಿಗೂ ಪರಸ್ಪರ ಪರಿಚಯವಿರಬೇಕು. ಅಧಿಕೃತ ರುಜುಗಳ ಮಾದರಿ ಪುಸ್ತಕ, ಸಂದೇಶದ ಗುಪ್ತ ಸಂಕೇತ, ಇಂತಿಷ್ಟು ಮೊತ್ತದವರೆಗೆ ನಂಬಬಹುದೆಂಬ ಮಿತಿ, ಇವೆಲ್ಲ ವಿನಿಮಯವಾಗಿರಬೇಕು. 47 ವರ್ಷ ಸಂಬಂಧವೇ ಇಲ್ಲದ ಎರಡು ದೇಶಗಳ ಬ್ಯಾಂಕುಗಳ ನಡುವೆ ಇವು ಎಲ್ಲಿಂದ ಬರಬೇಕು? ಲಂಡನ್ನಿನ ಬ್ಯಾಂಕೊಂದನ್ನು ನಡುವೆ ಜಾಮೀನು ನಿಲ್ಲಿಸಿಕೊಳ್ಳಬೇಕು. ಅದಕ್ಕೆ ಅದರ ಶುಲ್ಕ ತೆರಬೇಕು. ರುಜು ಪುಸ್ತಕವೊಂದು ಕಪಾಟಿನಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ವ್ಯವಹಾರ ವಾರಗಟ್ಟಲೆ ನಿಂತುಹೋಗುವುದುಂಟು. ನಿರ್ಬಂಧವನ್ನು ತೆಗೆದ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ರುಜು ಪುಸ್ತಕ ತಲುಪಿದ ಸುದ್ದಿ ಎಲ್ಲಿಯೂ ಬರುವುದಿಲ್ಲ.

ಎರಡನೆಯದು, ವಿಮೆ. ಸರಕು ಮುಳುಗಿದರೆ ಸಮುದ್ರ ವಿಮೆ ಇದೆ. ಗಿರಾಕಿ ದಿವಾಳಿಯಾದರೆ, ಅಥವಾ ಆ ದೇಶದ ಸರ್ಕಾರವೇ ಹಣ ಹೊರಗೆ ಹೋಗದಂತೆ ತಡೆದರೆ? ಇದಕ್ಕಾಗಿ ಭಾರತದಲ್ಲಿ 1957ರಿಂದಲೂ ರಫ್ತು ಸಾಲದ ಖಾತರಿಗಾಗಿ ಸರ್ಕಾರಿ ನಿಗಮವೊಂದಿದೆ. ಆದರೆ ವಿಮೆಯು ಹಿಂದಿನ ಅನುಭವದ ಲೆಕ್ಕದ ಮೇಲೆ ನಡೆಯುವ ಕಸುಬು. ಯಾವ ಊರಿನ ಯಾವ ವರ್ತಕ ಎಷ್ಟು ದಿನಕ್ಕೆ ಹಣ ಕೊಟ್ಟ, ಯಾರು ಕೈಯೆತ್ತಿದ ಎಂಬ ದಾಖಲೆಯಿದ್ದರೆ ತಾನೆ ಅದು ಅಪಾಯವನ್ನು ಅಳೆಯುವುದು? ಹಿಂದಿನ ಅನುಭವವೇ ಇಲ್ಲದಲ್ಲಿ ಪುಟ ಖಾಲಿ. ಖಾಲಿ ಪುಟಕ್ಕೆ ವಿಮೆಯ ದರ ಹೆಚ್ಚು.

ಮೂರನೆಯದು, ಸುಂಕ ಮತ್ತು ತೆರಿಗೆ. ಎರಡು ದೇಶಗಳ ನಡುವೆ ಒಡಂಬಡಿಕೆಯಿಲ್ಲದಿದ್ದರೆ ನಮ್ಮ ಸರಕಿನ ಮೇಲೆ ಇತರರ ಸರಕಿಗಿಂತ ಹೆಚ್ಚಿನ ಸುಂಕ ಬೀಳಬಹುದು. ಒಂದೇ ಲಾಭದ ಮೇಲೆ ಎರಡೂ ಸರ್ಕಾರಗಳು ತೆರಿಗೆ ಕೇಳಬಹುದು. ಮೊದಲ ತೊಡಕನ್ನು 1994ರ ವಾಣಿಜ್ಯ ಒಪ್ಪಂದ ಪರಿಹರಿಸಿತು. ಅದರಂತೆ ಪರಸ್ಪರ 'ಅತ್ಯಂತ ಅನುಗ್ರಹಕ್ಕೆ ಪಾತ್ರವಾದ ರಾಷ್ಟ್ರ'ದ ಸ್ಥಾನಮಾನ ದೊರೆಯಿತು. ಎರಡನೆಯದಕ್ಕೆ 1996ರಲ್ಲಿ ಇಮ್ಮಡಿ ತೆರಿಗೆ ನಿವಾರಣೆಯ ಒಪ್ಪಂದವಾಯಿತು. ಈ ಬಗೆಯ ಕಾಗದಗಳನ್ನು ಯಾರೂ ಓದುವುದಿಲ್ಲ. ಆದರೆ ಸೇತುವೆಯ ಕಂಬಗಳಂತೆ ಇವು ನೀರೊಳಗೆ ನಿಂತು ಭಾರ ಹೊರುತ್ತವೆ.

ನಾಲ್ಕನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಅರಿವು. ಗಿರಾಕಿಗೆ ಈಗ ಏನು ಬೇಕು? 1946ರಲ್ಲಿ ನಾವು ಬಿಟ್ಟುಬಂದ ಮಾರುಕಟ್ಟೆ 1993ರಲ್ಲಿ ಅಲ್ಲಿರಲಿಲ್ಲ. ನಾವು ತೆರವು ಮಾಡಿದ ಜಾಗದಲ್ಲಿ ಬೇರೆಯವರು ಬಂದು ಕುಳಿತಿದ್ದರು. 1987ರಲ್ಲಿ ದಕ್ಷಿಣ ಆಫ್ರಿಕಾದ ಅತಿ ದೊಡ್ಡ ವ್ಯಾಪಾರ ಪಾಲುದಾರ ಜಪಾನ್ ಆಗಿತ್ತು. ಅಲ್ಲಿಯ ರಸ್ತೆಗಳಲ್ಲಿ ಜಪಾನಿನ, ಜರ್ಮನಿಯ ಹೆಸರಿನ ಕಾರುಗಳು. ಇನ್ನು ನಮ್ಮ ಗೋಣಿಚೀಲದ ಕಾಲವೇ ಮುಗಿಯುತ್ತ ಬಂದಿತ್ತು. ಲೋಕದ ಎಲ್ಲೆಡೆ ಧಾನ್ಯವನ್ನು ಚೀಲವಿಲ್ಲದೆ ರಾಶಿಯಾಗಿ ಸಾಗಿಸುವ ಕ್ರಮ, ಪ್ಲಾಸ್ಟಿಕ್ ಚೀಲ ಬಂದಿದ್ದವು. ಯಾವ ಸರಕನ್ನು ಬಿಟ್ಟು ನಾವು ತ್ಯಾಗ ಮಾಡಿದ್ದೆವೋ ಆ ಸರಕಿಗೆ ಹಿಂದಿನ ಬೆಲೆಯೇ ಉಳಿದಿರಲಿಲ್ಲ. ಬಹುಕಾಲದ ಮೇಲೆ ಊರಿಗೆ ಮರಳಿದವನು ಹಳೆಯ ಬೀದಿಯನ್ನು ಹುಡುಕಿ ಹೊರಟು ದಾರಿ ತಪ್ಪುವ ಅನುಭವ ನಿಮಗೆಲ್ಲ ಇದೆ. ವಾಣಿಜ್ಯಕ್ಕೂ ಹಾಗೆಯೇ ಆಯಿತು.

ಹಾಗಾದರೆ ಏನು ಚಿಗುರಿತು? ಹಳೆಯ ಬೇರು ಚಿಗುರಲಿಲ್ಲ. ಹೊಸ ಸಸಿಗಳು ಹುಟ್ಟಿಕೊಂಡವು. ಅಲ್ಲಿಂದ ನಮಗೆ ಚಿನ್ನ, ವಜ್ರ, ಮುಖ್ಯವಾಗಿ ರಿಚರ್ಡ್ಸ್ ಬೇ ಬಂದರಿನಿಂದ ಕಲ್ಲಿದ್ದಲು ಬರತೊಡಗಿತು. ನಮ್ಮಿಂದ ಅಲ್ಲಿಗೆ ಔಷಧ, ವಾಹನ, ಶುದ್ಧೀಕರಿಸಿದ ತೈಲ, ಯಂತ್ರಗಳು, ಅಕ್ಕಿ ಹೋಗತೊಡಗಿದವು. ಟಾಟಾ ಸಂಸ್ಥೆ 1994ರಲ್ಲಿಯೇ ಜೋಹಾನ್ಸ್‌ಬರ್ಗಿನಲ್ಲಿ ನೆಲೆಯೂರಿತು. 2011ರಲ್ಲಿ ಪ್ರಿಟೋರಿಯಾದ ಬಳಿ ಲಾರಿಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. 2012ರಲ್ಲಿ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಎಟಿಯೋಸ್ ಕಾರುಗಳು ಎಣ್ಣೂರು ಬಂದರಿನಿಂದ ಹಡಗೇರಿ ದಕ್ಷಿಣ ಆಫ್ರಿಕಾಕ್ಕೆ ಹೋದವು. ಜಪಾನಿನ ಹೆಸರಿನ ಕಾರು, ಕನ್ನಡ ನಾಡಿನ ಕಾರ್ಮಿಕರ ಕೈಕೆಲಸ, ಆಫ್ರಿಕಾದ ರಸ್ತೆ. 1946ರಲ್ಲಿ ಇದನ್ನು ಯಾರು ಊಹಿಸಬಹುದಾಗಿತ್ತು? 2022–23ರ ಹೊತ್ತಿಗೆ ಎರಡು ದೇಶಗಳ ನಡುವಣ ವ್ಯಾಪಾರ ವರ್ಷಕ್ಕೆ ಸುಮಾರು 1,900 ಕೋಟಿ ಡಾಲರನ್ನು ಮುಟ್ಟಿತ್ತು.

ಈ ಎಲ್ಲ ಅಂಕಿಗಳಿಗಿಂತ ಮಿಗಿಲಾದ ಸಂಗತಿ ಒಂದಿದೆ. 1990ರ ದಶಕದ ಕೊನೆಯಲ್ಲಿ ಏಡ್ಸ್ ರೋಗ ಆ ದೇಶವನ್ನು ನುಂಗತೊಡಗಿತು. ಔಷಧವಿತ್ತು, ಆದರೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ ಬೆಲೆ. ಅಗ್ಗದ ಔಷಧ ತರಲು ಅನುಕೂಲವಾಗುವ ಶಾಸನವನ್ನು ಮಂಡೇಲಾ ಸರ್ಕಾರ ಮಾಡಿದಾಗ 1998ರಲ್ಲಿ 39 ಔಷಧ ಕಂಪನಿಗಳು ನ್ಯಾಯಾಲಯದಲ್ಲಿ ದಾವೆ ಹೂಡಿದವು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯು ಮೂರು ಔಷಧಗಳ ಚಿಕಿತ್ಸೆಯನ್ನು, ಬಡವರಿಗೆ ಉಚಿತವಾಗಿ ಹಂಚುವ ವೈದ್ಯರ ಸ್ವಯಂಸೇವಾ ಸಂಸ್ಥೆಗೆ, ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಘೋಷಿಸಿತು. ಏಪ್ರಿಲಿನಲ್ಲಿ ಆ ಕಂಪನಿಗಳು ದಾವೆಯನ್ನು ಹಿಂತೆಗೆದುಕೊಂಡವು. ಮುಂದಿನ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾ ಜಗತ್ತಿನಲ್ಲಿಯೇ ಅತಿ ದೊಡ್ಡ ಏಡ್ಸ್ ಚಿಕಿತ್ಸಾ ಕಾರ್ಯಕ್ರಮವನ್ನು ನಡೆಸಿತು. ಅದಕ್ಕೆ ಔಷಧ ಒದಗಿಸಿದವರಲ್ಲಿ ಭಾರತದ ಕಾರ್ಖಾನೆಗಳು ಪ್ರಮುಖವಾದವು. ಬಾಗಿಲು 1993ರಲ್ಲಿ ತೆರೆಯದೆ, ಹಡಗು, ಬ್ಯಾಂಕು, ಒಡಂಬಡಿಕೆಗಳ ಹಾದಿ ಅಷ್ಟರೊಳಗೆ ಸಿದ್ಧವಾಗದೆ ಇದ್ದಿದ್ದರೆ ಆ ಔಷಧ ಹೋಗುವ ದಾರಿ ಎಷ್ಟು ದೂರವಾಗುತ್ತಿತ್ತೆಂದು ಯೋಚಿಸಿ. ವ್ಯಾಪಾರವೆಂದರೆ ಬರಿಯ ಲಾಭವೆಂದು ಮೂಗು ಮುರಿಯುವವರಿಗೆ ನಾನು ಈ ಉದಾಹರಣೆಯನ್ನು ಹೇಳುತ್ತೇನೆ.

ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಅದು ಸತ್ಯಕ್ಕೆ ದೂರ. 1997ರ ಮಾರ್ಚ್ ತಿಂಗಳಲ್ಲಿ ನಮ್ಮವರೇ ಆದ ಪ್ರಧಾನಿ ಎಚ್.ಡಿ. ದೇವೇಗೌಡರು ಮತ್ತು ಅಧ್ಯಕ್ಷ ಮಂಡೇಲಾ 'ಕೆಂಪುಕೋಟೆ ಘೋಷಣೆ'ಗೆ ರುಜು ಹಾಕಿದರು. ಗಾಂಧೀಜಿಯ ಹೆಸರಿನಲ್ಲಿ ಎರಡು ದೇಶಗಳೂ ಕೈಜೋಡಿಸಿದ ಕ್ಷಣವದು. ಭಾವನೆಗೆ ಕೊರತೆಯಿರಲಿಲ್ಲ. ಆದರೂ ದಕ್ಷಿಣ ಆಫ್ರಿಕಾ ಮತ್ತು ಅದರ ನೆರೆಯ ದೇಶಗಳು ಸೇರಿದ ಸುಂಕ ಒಕ್ಕೂಟದೊಡನೆ ಸುಂಕ ರಿಯಾಯಿತಿಯ ಒಪ್ಪಂದಕ್ಕಾಗಿ ಈ ಶತಮಾನದ ಆರಂಭದಲ್ಲಿಯೇ ತೊಡಗಿದ ಮಾತುಕತೆ ವರ್ಷಾನುಗಟ್ಟಲೆ ಎಳೆದಾಡಿತು. ಅಲ್ಲಿಯ ಬಟ್ಟೆ ಗಿರಣಿಯ ಕಾರ್ಮಿಕರಿಗೆ ಅಗ್ಗದ ಆಮದಿನ ಭಯ, ಅದು ಸಹಜವೇ. 2009ರಲ್ಲಿ ಭಾರ್ತಿ ಮತ್ತು ಎಂಟಿಎನ್ ಎಂಬ ಎರಡು ದೊಡ್ಡ ದೂರವಾಣಿ ಕಂಪನಿಗಳನ್ನು ಒಂದುಗೂಡಿಸುವ ಮಾತು ಎರಡನೆಯ ಸಲ ಮುರಿದುಬಿತ್ತು. 2015ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಮಾನ ಸಂಸ್ಥೆಯು ಮುಂಬಯಿಗೆ ನೇರ ಹಾರಾಟವನ್ನು ಕೈಬಿಟ್ಟಿತು. ಸರ್ಕಾರಿ ಗುತ್ತಿಗೆಗಳಲ್ಲಿ ಭಾರತೀಯ ಮೂಲದ ಕುಟುಂಬವೊಂದು ಬೀರಿದ ಪ್ರಭಾವವನ್ನು 2022ರಲ್ಲಿ ಪೂರ್ಣಗೊಂಡ ಝೋಂಡೋ ವಿಚಾರಣಾ ಆಯೋಗದ ವರದಿ ದಾಖಲಿಸಿದಾಗ, ತಲೆಮಾರುಗಳಿಂದ ಅಲ್ಲಿ ಗೌರವವಾಗಿ ಬಾಳಿದ ಹದಿಮೂರು ಲಕ್ಷಕ್ಕೂ ಮಿಕ್ಕ ಭಾರತೀಯ ಮೂಲದವರು ವಿನಾಕಾರಣ ತಲೆತಗ್ಗಿಸಬೇಕಾಯಿತು. ಪರದೇಶದಲ್ಲಿ ಬಾಳುವ ನಮಗೆ ಇದು ಚೆನ್ನಾಗಿ ಅರ್ಥವಾಗುವ ನೋವು.

ಇನ್ನೊಂದು ಉದಾಹರಣೆಯನ್ನು ಹೋಲಿಕೆಗಾಗಿ ನೋಡೋಣ. 2016ರ ಜನವರಿಯಲ್ಲಿ ಇರಾನಿನ ಮೇಲಿನ ಅಣು ಸಂಬಂಧಿ ನಿರ್ಬಂಧಗಳನ್ನು ತೆಗೆದರು. ನಿರ್ಬಂಧದ ಕಾಲದಲ್ಲಿ ಕೊಂಡ ತೈಲಕ್ಕೆ ಭಾರತ ಕೊಡಬೇಕಾಗಿದ್ದ ಬಾಕಿಯೇ 600 ಕೋಟಿ ಡಾಲರಿಗಿಂತ ಹೆಚ್ಚಾಗಿತ್ತು. ಹಣ ಕಳುಹಿಸುವ ದಾರಿ ಇರಲಿಲ್ಲ. ಬಾಕಿಯನ್ನು ಕಂತುಗಳಲ್ಲಿ ತೀರಿಸಿದೆವು; ತೈಲ ಮತ್ತೆ ಹರಿಯಿತು. ಆದರೆ ಯೂರೋಪಿನ ದೊಡ್ಡ ಬ್ಯಾಂಕುಗಳು ಇರಾನಿನ ಬಾಗಿಲಿಗೆ ಹೋಗಲು ಹಿಂಜರಿದವು. ನಾಳೆ ನಿರ್ಬಂಧ ಮತ್ತೆ ಬಂದರೆ ಎಂಬ ಭಯ. ಆ ಭಯ ನಿಜವಾಯಿತು: 2018ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂದಿತು, 2019ರಲ್ಲಿ ಭಾರತ ಇರಾನಿನ ತೈಲ ಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ದಕ್ಷಿಣ ಆಫ್ರಿಕಾದ ಪ್ರಸಂಗ ಇದಕ್ಕಿಂತ ಭಿನ್ನವಾದುದಕ್ಕೆ ಒಂದೇ ಕಾರಣ. ಅಲ್ಲಿ ನಿರ್ಬಂಧಕ್ಕೆ ಕಾರಣವಾಗಿದ್ದ ವರ್ಣಭೇದ ನೀತಿಯೇ ಅಳಿಯಿತು. ರೋಗ ಹೋದ ಮೇಲೆ ಪಥ್ಯವನ್ನು ಬಿಟ್ಟರು. ನಿರ್ಬಂಧ ಮರಳಿ ಬಂದೀತೆಂದು ಯಾವ ವರ್ತಕನೂ ಅಂಜಬೇಕಾಗಿರಲಿಲ್ಲ. ಇಪ್ಪತ್ತು ವರ್ಷದ ಫಲಕ್ಕಾಗಿ ಕಾರ್ಖಾನೆ ಕಟ್ಟುವವನಿಗೆ ಅಗ್ಗದ ಸಾಲಕ್ಕಿಂತ, ಸುಂಕದ ರಿಯಾಯಿತಿಗಿಂತ ಈ ನಿಶ್ಚಿಂತೆಯೇ ದೊಡ್ಡದು.

ನಿಷೇಧ ಸರಿಯಾಗಿತ್ತೇ, ನಾವು ಕಳೆದುಕೊಂಡದ್ದು ಹೆಚ್ಚಲ್ಲವೇ ಎಂದು ನನ್ನನ್ನು ಕೆಲವರು ಕೇಳಿದ್ದಾರೆ. ಲೆಕ್ಕದ ಮನುಷ್ಯನಾದ ನಾನು ಹೇಳುವುದಿಷ್ಟು. ಕಳೆದುಕೊಂಡದ್ದು ನಿಜ; ಆ ನಷ್ಟ ಮರಳಿ ಬರಲಿಲ್ಲ; ಬರುತ್ತದೆಂದು ಎಣಿಸಿ 1946ರಲ್ಲಿ ಯಾರೂ ನಿಷೇಧ ಹೇರಲಿಲ್ಲ. ಪುಣ್ಯವನ್ನು ಬಡ್ಡಿಗೆ ಬಿಡಲಾಗದು. 1993ರ ಬಳಿಕ ನಮ್ಮ ಕೆಲವರು, ನಾವು ನಿಮಗಾಗಿ ಇಷ್ಟು ಮಾಡಿದೆವು, ಗುತ್ತಿಗೆಯನ್ನು ನಮಗೇ ಕೊಡಿ ಎಂಬ ಧಾಟಿಯಲ್ಲಿ ಹೋದರು, ಬರಿಗೈಯಲ್ಲಿ ಬಂದರು. ಬೆಲೆ ಇಷ್ಟು, ಗುಣ ಇಂಥದು, ಸರಕು ಇಂಥ ದಿನ ತಲುಪುತ್ತದೆ ಎಂದು ಹೇಳಿ ನಡೆದುಕೊಂಡವರು ನೆಲೆಯೂರಿದರು.

ಕೊನೆಯದಾಗಿ, ಗಾಂಧೀಜಿಯವರ ಆ ದಾವೆಯ ಮಾತು. ದಾದಾ ಅಬ್ದುಲ್ಲಾ ಅವರು ಪ್ರಿಟೋರಿಯಾದ ತೈಯಬ್ ಸೇಠರ ಮೇಲೆ ಹೂಡಿದ್ದ ದಾವೆ ಸುಮಾರು 40,000 ಪೌಂಡುಗಳದು. ಇಬ್ಬರೂ ಬಂಧುಗಳು, ಒಂದೇ ಊರಿನವರು. ದಾವೆ ಬೆಳೆದರೆ ಇಬ್ಬರೂ ಅಳಿಯುತ್ತಾರೆಂದು ಕಂಡ ಗಾಂಧೀಜಿ ಅವರನ್ನು ಪಂಚಾಯಿತಿಗೆ ಒಪ್ಪಿಸಿದರು. ತೀರ್ಪು ದಾದಾ ಅಬ್ದುಲ್ಲಾ ಅವರ ಪರವಾಗಿ ಬಂದಿತು. ಸುಮಾರು 37,000 ಪೌಂಡು ಮತ್ತು ಖರ್ಚು. ಒಮ್ಮೆಗೇ ವಸೂಲು ಮಾಡಿದರೆ ತೈಯಬ್ ಸೇಠರು ದಿವಾಳಿಯಾಗಬೇಕಾಗಿತ್ತು. ಆಗ ಗಾಂಧೀಜಿ ಎರಡನೆಯ ಸಲ ದಾದಾ ಅಬ್ದುಲ್ಲಾ ಅವರನ್ನು ಬೇಡಿಕೊಂಡು, ಹಣವನ್ನು ದೀರ್ಘ ಕಾಲದ ಕಂತುಗಳಲ್ಲಿ ಸ್ವೀಕರಿಸುವಂತೆ ಒಪ್ಪಿಸಿದರು. ಪಂಚಾಯಿತಿಗೆ ಒಪ್ಪಿಸುವುದಕ್ಕಿಂತ ಕಂತಿಗೆ ಒಪ್ಪಿಸುವುದೇ ತಮಗೆ ಹೆಚ್ಚು ಕಷ್ಟವಾಯಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಎರಡು ದೇಶಗಳ ನಡುವೆಯೂ ಇದೇ ನಡೆಯುತ್ತದೆಂದು ನನಗೆ ತೋರುತ್ತದೆ. ನ್ಯಾಯದ ತೀರ್ಪು ಒಂದು ದಿನ ಬಂದೇ ಬರುತ್ತದೆ. ಅದಾದ ಮೇಲೆ ಬಾಕಿಯನ್ನು ಕಂತಿನಲ್ಲಿ ತೀರಿಸುವ, ಕಂತಿನಲ್ಲಿ ಪಡೆಯುವ ತಾಳ್ಮೆಯೇ ನಿಜವಾದ ಕೆಲಸ. ಈ ಕೆಲಸ ರಾಯಭಾರಿಗಳದು ಮಾತ್ರವಲ್ಲ. ತವರಿನಿಂದ ದೂರವಿದ್ದು ಎರಡು ನಾಡುಗಳ ನಡೆನುಡಿಯನ್ನೂ ಬಲ್ಲ ನಿಮ್ಮಂಥವರ ಮಾತಿಗೆ ಇದರಲ್ಲಿ ಬೆಲೆಯಿದೆ. ಈ ನಗರದ ವರ್ತಕನೊಬ್ಬ ತುಮಕೂರಿನ ಸಣ್ಣ ಉದ್ದಿಮೆದಾರನನ್ನು ನಂಬಬಹುದೇ ಎಂದು ನಿಮ್ಮನ್ನು ಕೇಳಿದಾಗ ನೀವು ಕೊಡುವ ಉತ್ತರ ಯಾವ ಬ್ಯಾಂಕಿನ ಭರವಸೆ ಪತ್ರಕ್ಕೂ ಕಡಿಮೆಯದಲ್ಲ. ಆದುದರಿಂದ ತೂಗಿ ನೋಡಿ ಉತ್ತರಿಸಿ. ಕೊಟ್ಟ ಮಾತಿಗೆ ನಿಲ್ಲಿರಿ.

ಹಿರಿಯರು ಮನೆಗೆ ಹೋಗಿ ಆ ಹಳೆಯ ಪಾಸ್‌ಪೋರ್ಟನ್ನು ಮಕ್ಕಳಿಗೆ ತೋರಿಸಿರಿ. ಆ ಒಕ್ಕಣೆ ಏಕಿತ್ತು, ಏಕೆ ಹೋಯಿತು ಎಂದು ಕನ್ನಡದಲ್ಲಿ ಹೇಳಿರಿ.